ಏಳನೆಯ ತಿರುವು

ಸೋಮೇಶ್ವರದ ಕಡೆಯಿಂದ ಆಗುಂಬೆ ಘಾಟಿ ಹತ್ತುವಾಗ ಸಿಗುವ ಏಳನೆಯ ತಿರುವಿನಲ್ಲಿ, 2016ರ ಮೇ ತಿಂಗಳ ಕೊನೆಯ ಒಂದು ಮಧ್ಯಾಹ್ನ, ನಾನು ಒಂದೂವರೆ ಗಂಟೆ ನಿಂತಿದ್ದೆ. ಬಾನೆಟ್ಟಿನ ಅಡಿಯಿಂದ ಹಬೆ ಏಳುತ್ತಿತ್ತು. ಉಷ್ಣತೆ ತೋರಿಸುವ ಮುಳ್ಳು ಕೆಂಪು ಗೆರೆಯನ್ನು ದಾಟಿತ್ತು. ಕರಾವಳಿಯ ಊರೊಂದರಲ್ಲಿ 32,000 ರೂಪಾಯಿ ಎಣಿಸಿಕೊಟ್ಟು ಆ ಮಾರುತಿ 800 ಕಾರನ್ನು ಹೊರಡಿಸಿಕೊಂಡು ಬಂದು ಆಗಿನ್ನೂ ಮೂರು ಗಂಟೆ ಕೂಡ ಆಗಿರಲಿಲ್ಲ.

ಕಾರು ಬೇಕಾಗಿದ್ದುದು ಅಮ್ಮನಿಗಾಗಿ. ಮೂರು ತಿಂಗಳಿಗೊಮ್ಮೆ ಅವರನ್ನು ತೀರ್ಥಹಳ್ಳಿಯಿಂದ ಮಣಿಪಾಲಕ್ಕೆ ಕರೆದುಕೊಂಡು ಹೋಗಬೇಕಾಗಿತ್ತು. ಮಂಡಿನೋವಿನಲ್ಲಿ ಬಸ್ಸಿನ ಮೆಟ್ಟಿಲು ಹತ್ತುವುದು ಅವರಿಗೆ ಆಗದ ಮಾತಾಗಿತ್ತು. ಶಾಲಾ ಮೇಷ್ಟರ ಸಂಬಳದಲ್ಲಿ, ಮನೆಸಾಲದ ಕಂತು ಕಟ್ಟಿ ಉಳಿಯುವ ಹಣಕ್ಕೆ ಹೊಸ ಕಾರು ನಿಲುಕುತ್ತಿರಲಿಲ್ಲ. ಮಾರುತಿ 800 ಆದರೆ ಬಿಡಿಭಾಗಕ್ಕೆ ತೊಂದರೆಯಿಲ್ಲ ಎಂಬ ಲೆಕ್ಕಾಚಾರ ನನ್ನದು. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದು 2014ರ ಜನವರಿಯವರೆಗೂ ತಯಾರಾದ ಕಾರು ಅದು. ಅದರ 796 ಸಿಸಿಯ ಮೂರು ಸಿಲಿಂಡರಿನ ಎಂಜಿನ್ನೇ ಓಮ್ನಿಯಲ್ಲೂ ಇದೆ. ಓಮ್ನಿ ಓಡಾಡದ ಊರು ಮಲೆನಾಡಿನಲ್ಲಿ ಇಲ್ಲದಿರುವುದರಿಂದ, ಆ ಎಂಜಿನ್ನಿನ ಒಳಹೊರಗು ಬಲ್ಲವರು ಪ್ರತಿ ಪೇಟೆಯಲ್ಲೂ ಸಿಗುತ್ತಾರೆ. ಈ ಲೆಕ್ಕಾಚಾರ ತಪ್ಪಾಗಲಿಲ್ಲ. ತಪ್ಪಿದ್ದು ನೋಡುವ ಕ್ರಮದಲ್ಲಿ.

ನಾನು ತಲುಪುವ ಹೊತ್ತಿಗೆ ಮಾರುವವರು ಕಾರನ್ನು ಸ್ಟಾರ್ಟ್ ಮಾಡಿ ಅಂಗಳದಲ್ಲಿ ನಿಲ್ಲಿಸಿದ್ದರು. ಹಳೆಯ ಕಾರನ್ನು ಎಂಜಿನ್ ತಣ್ಣಗಿರುವಾಗಲೇ ನೋಡಬೇಕು. ಬೆಳಗಿನ ಮೊದಲ ಸ್ಟಾರ್ಟಿಂಗ್ ಹೇಳುವಷ್ಟನ್ನು ಬಿಸಿಯಾದ ಎಂಜಿನ್ ಹೇಳುವುದಿಲ್ಲ. ಇದು ಗೊತ್ತಿದ್ದೂ ನಾನು ಒತ್ತಾಯಿಸಲಿಲ್ಲ. ಆಯಿಲ್ ಮುಚ್ಚಳ ತೆಗೆದು ನೋಡಿದೆ, ಹೊಗೆ ಬರಲಿಲ್ಲ. ಸಮತಟ್ಟಾದ ರಸ್ತೆಯಲ್ಲಿ ನಾಲ್ಕು ಕಿಲೋಮೀಟರ್ ಓಡಿಸಿದೆ, ಮುಳ್ಳು ಕೆಳಗಿನ ಗೆರೆ ಬಿಟ್ಟು ಮೇಲೇಳಲಿಲ್ಲ. "ಎಂಜಿನ್ ತುಂಬಾ ತಂಪು ಮಾರಾಯ್ರೆ, ಒಂದು ದಿನವೂ ಬಿಸಿ ಆದದ್ದಿಲ್ಲ" ಎಂದರು. ಅವರು ಸುಳ್ಳು ಹೇಳಿದರೆಂದು ನನಗೆ ಇವತ್ತಿಗೂ ಅನ್ನಿಸುವುದಿಲ್ಲ. ಅವರು ಘಾಟಿ ಹತ್ತಿದವರಲ್ಲ. ಆ ತಂಪೇ ರೋಗದ ಗುರುತು ಎಂಬುದು ಅವರಿಗೂ ತಿಳಿದಿರಲಿಲ್ಲ, ನನಗೂ ತಿಳಿದಿರಲಿಲ್ಲ.

ಘಾಟಿಯಲ್ಲಿ ಜೊತೆಗಿದ್ದ ಭಾವ, ಎಂಜಿನ್ನಿನ ನೀರನ್ನು ತಣಿಸುವ ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಲು ಬಿಡಲಿಲ್ಲ; ಬಿಸಿಯಿರುವಾಗ ತೆರೆದರೆ ಕುದಿನೀರು ಮುಖಕ್ಕೇ ಚಿಮ್ಮುತ್ತದೆ. ಎಂಜಿನ್ ಆರಿದ ಮೇಲೆ ಎರಡು ಬಾಟಲಿ ನೀರು ಹೊಯ್ದು, ಮುಂದಿನ ಏಳು ತಿರುವುಗಳನ್ನು ಎರಡು ಕಡೆ ನಿಂತು ಹತ್ತಿ, ಕತ್ತಲಾಗುವ ಹೊತ್ತಿಗೆ ಮನೆ ಸೇರಿದೆವು.

ನಮ್ಮ ಮೆಕ್ಯಾನಿಕ್ ಮೊದಲು ಮಾಡಿದ ಕೆಲಸ ಆಯಿಲ್ ಮುಚ್ಚಳದ ಒಳಬದಿಯನ್ನು ಬೆರಳಿನಿಂದ ಸವರಿ ಬೆಳಕಿಗೆ ಹಿಡಿದದ್ದು. ಎಂಜಿನ್ನಿನೊಳಗೆ ನೀರು ಮತ್ತು ಆಯಿಲ್ ಬೆರೆಯದಂತೆ ತಡೆಯುವ ಹೆಡ್ ಗ್ಯಾಸ್ಕೆಟ್ ಹಾಳಾಗಿ ನೀರು ಆಯಿಲ್ಲಿಗೆ ಸೇರಿದ್ದರೆ ಅಲ್ಲಿ ಹಾಲು ಹೆಚ್ಚಾದ ಕಾಫಿಯಂಥ ಬಣ್ಣದ ಜಿಗುಟು ಕಟ್ಟಿರುತ್ತದೆ. ಬೆರಳಿಗೆ ಹತ್ತಿದ್ದು ಬರೀ ಕಪ್ಪು ಆಯಿಲ್. "ಹೆಡ್ ಗ್ಯಾಸ್ಕೆಟ್ ಉಳ್ಕೊಂಡಿದೆ ಮೇಷ್ಟ್ರೇ, ಪುಣ್ಯ" ಎಂದು ಅವರು ಮುಂದಿನ ನಟ್ಟಿಗೆ ಸ್ಪ್ಯಾನರ್ ಹಾಕಿದರು. ಎಂಜಿನ್ ಬಿಸಿಯಾಗುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದೆ ತಡೆಯುವ ಥರ್ಮೋಸ್ಟ್ಯಾಟ್ ವಾಲ್ವ್ ಇರಬೇಕಾದ ಜಾಗ ಖಾಲಿ ಇತ್ತು. ಬಿಸಿ ಏರಿದಾಗ ಮಾತ್ರ ರೇಡಿಯೇಟರಿನ ಫ್ಯಾನನ್ನು ಓಡಿಸುವ ಸ್ವಿಚ್ಚನ್ನು ತಪ್ಪಿಸಿ, ಕೀಲಿ ತಿರುಗಿಸಿದ ಕೂಡಲೇ ಫ್ಯಾನ್ ಓಡುವಂತೆ ನೇರವಾಗಿ ವೈರ್ ಎಳೆದಿದ್ದರು. ರೇಡಿಯೇಟರನ್ನು ಬಿಚ್ಚಿ ಮೇಲಿನ ಬಾಯಿಂದ ನೀರು ಹೊಯ್ದರೆ ಕೆಳಗಿನ ಬಾಯಿಂದ ಕೆಂಪು ನೀರು ಸಣ್ಣಗೆ ತೊಟ್ಟಿಕ್ಕಿತು. ತುಕ್ಕು ತಡೆಯುವ ಕೂಲಂಟ್ ದ್ರವದ ಬದಲು ವರ್ಷಗಟ್ಟಲೆ ಬರೀ ನೀರು ತುಂಬಿಸುತ್ತ ಬಂದದ್ದರಿಂದ ಒಳಗಿನ ಕೊಳವೆಗಳಲ್ಲಿ ಅರ್ಧಕ್ಕೂ ಹೆಚ್ಚು ತುಕ್ಕು ಮತ್ತು ಕೆಸರಿನಿಂದ ಕಟ್ಟಿಹೋಗಿದ್ದವು.

ಒಂದು ಕಾಲದಲ್ಲಿ ಈ ಕಾರು ಬಿಸಿಯಾಗತೊಡಗಿರಬೇಕು. ಒಬ್ಬರು ವಾಲ್ವ್ ಕಿತ್ತುಹಾಕಿದ್ದಾರೆ, ಅದೂ ಸಾಲದಾದಾಗ ಇನ್ನೊಬ್ಬರು ಫ್ಯಾನನ್ನು ಸದಾ ಓಡುವಂತೆ ಮಾಡಿದ್ದಾರೆ, ರೇಡಿಯೇಟರನ್ನು ಮಾತ್ರ ಯಾರೂ ಮುಟ್ಟಿಲ್ಲ. ಸಪಾಟು ರಸ್ತೆಯಲ್ಲಿ ಎಂಜಿನ್ ಬೇಕಾದಷ್ಟೂ ಬಿಸಿಯಾಗದೆ ಹೆಚ್ಚು ಪೆಟ್ರೋಲ್ ಕುಡಿಯುತ್ತ ಓಡುತ್ತಿತ್ತು, ಏರಿನಲ್ಲಿ ಕುದಿಯುತ್ತಿತ್ತು. ಹಳೆಯ ಕಾರಿನಲ್ಲಿ ಸವೆದುಹೋದ ಭಾಗಕ್ಕಿಂತ ಹೆಚ್ಚು ಕಾಡುವುದು ಹಿಂದಿನವರು ಮಾಡಿಟ್ಟ ಅರೆಬರೆ ರಿಪೇರಿ ಎಂದು ನಾನು ಕಂಡುಕೊಂಡದ್ದು ಆಗ. ಸವೆದ ಕ್ಲಚ್ ಪ್ಲೇಟು ತನ್ನ ಕಷ್ಟವನ್ನು ತಾನೇ ಹೇಳಿಕೊಳ್ಳುತ್ತದೆ. ಇಂಥ ರಿಪೇರಿ ರೋಗವನ್ನು ಬಚ್ಚಿಡುತ್ತದೆ.

ಹೊಸ ರೇಡಿಯೇಟರ್, ವಾಲ್ವ್, ಫ್ಯಾನ್ ಸ್ವಿಚ್ ಮೂರನ್ನೂ ಶಿವಮೊಗ್ಗದಿಂದ ತಂದೆ. ವಾಲ್ವನ್ನು ಕೂರಿಸುವ ಮೊದಲು ಪರೀಕ್ಷಿಸಬೇಕೆಂದು ಮೆಕ್ಯಾನಿಕ್ ಹೇಳಿದ್ದರಿಂದ, ಆ ರಾತ್ರಿ ಅದನ್ನು ದಾರದಲ್ಲಿ ಕಟ್ಟಿ, ಒಲೆಯ ಮೇಲಿಟ್ಟ ನೀರಿನ ಪಾತ್ರೆಗೆ ಇಳಿಬಿಟ್ಟು ಕಾದು ಕುಳಿತೆ. ಅದರೊಳಗೆ ಮೇಣ ತುಂಬಿದ ಚಿಕ್ಕ ಡಬ್ಬಿಯಿರುತ್ತದೆ. ಮೇಣ ಕರಗಿ ಹಿಗ್ಗಿದಾಗ ಸ್ಪ್ರಿಂಗನ್ನು ತಳ್ಳಿ ಬಾಗಿಲು ತೆರೆಯುತ್ತದೆ. ಪಾತ್ರೆಯ ತಳದಲ್ಲಿ ಸಣ್ಣ ಗುಳ್ಳೆಗಳು ಕಾಣಿಸಿಕೊಂಡ ಸ್ವಲ್ಪ ಹೊತ್ತಿಗೆ, ನೀರು ಕುದಿಯುವ ಮೊದಲೇ, ಹಿತ್ತಾಳೆಯ ಬಿಲ್ಲೆ ಅಂಚಿನಿಂದ ಕೂದಲೆಳೆಯಷ್ಟು ಸರಿಯಿತು, ಆಮೇಲೆ ಒಂದೇ ಸಮನೆ ತೆರೆದುಕೊಂಡಿತು. ಹೊರಗೆ ತೆಗೆದು ಹಿಡಿದರೆ ನನ್ನ ಕಣ್ಣೆದುರೇ ಮತ್ತೆ ಮುಚ್ಚಿಕೊಂಡಿತು. ನಾಲ್ಕು ಸಲ ಹೀಗೇ ಮಾಡಿ ನೋಡಿದೆ. ಇಷ್ಟು ಚಿಕ್ಕ ವಸ್ತುವಿನ ಮೇಲೆ ಅಷ್ಟು ಗೌರವ ನನಗೆ ಹಿಂದೆಂದೂ ಹುಟ್ಟಿರಲಿಲ್ಲ.

ಇನ್ನೊಂದು ದೊಡ್ಡ ಕೆಲಸ ನೆಲದ್ದು. ಚಾಲಕನ ಕಾಲಡಿಯ ರಬ್ಬರ್ ಮ್ಯಾಟನ್ನು ಎತ್ತಿ, ಅದರಡಿಯ ಒದ್ದೆ ಹಾಸನ್ನು ಸುಲಿದು, ತಗಡಿನ ಮೇಲೆ ಹೆಬ್ಬೆರಳು ಒತ್ತಿದೆ. ಹಪ್ಪಳ ಮುರಿದಂತೆ ಬೆರಳು ಒಳಗಿಳಿದು, ಆ ತೂತಿನಲ್ಲಿ ಗ್ಯಾರೇಜಿನ ನೆಲ ಕಾಣಿಸಿತು. ಸಮುದ್ರದ ಉಪ್ಪುಗಾಳಿ ಹದಿನೇಳು ವರ್ಷ ತಿಂದ ಜಾಗ ಅದು. ಪುಟ್ಟಿ ಮೆತ್ತಿ ಬಣ್ಣ ಬಳಿದುಕೊಡುತ್ತೇನೆಂದವರೂ ಇದ್ದರು. ನಾನು ಒಪ್ಪಲಿಲ್ಲ. ಸೀಟು ಬಿಚ್ಚಿಸಿ, ತುಕ್ಕು ಹಿಡಿದ ಭಾಗವನ್ನು ಗಟ್ಟಿ ತಗಡು ಸಿಗುವವರೆಗೂ ಕತ್ತರಿಸಿ ತೆಗೆಸಿ, ಹೊಸ ತಗಡು ವೆಲ್ಡ್ ಮಾಡಿಸಿ, ರೆಡ್ ಆಕ್ಸೈಡ್ ಹೊಡೆಸಿ, ಅಡಿಗೆ ಅಂಡರ್‌ಕೋಟಿಂಗ್ ಮಾಡಿಸಲು ಒಂಬತ್ತು ದಿನ ಹಿಡಿಯಿತು. ಟೈಮಿಂಗ್ ಬೆಲ್ಟ್ ಯಾವಾಗ ಬದಲಾಗಿತ್ತೆಂಬುದಕ್ಕೆ ದಾಖಲೆ ಇರಲಿಲ್ಲವಾದ್ದರಿಂದ ಅದನ್ನೂ ಬದಲಾಯಿಸಿದೆವು. ಕಾರ್ಬ್ಯುರೇಟರ್ ತೊಳೆಸಿದ್ದು, ಬ್ರೇಕ್ ಶೂ ಬದಲಾಯಿಸಿದ್ದು, ಫಾರಂ 29 ಮತ್ತು 30 ಹಿಡಿದು ಹೆಸರು ವರ್ಗಾಯಿಸಿಕೊಂಡದ್ದು ಸಲೀಸಾಗಿ ಆಯಿತು. ಒಟ್ಟು ಖರ್ಚು 29,400 ರೂಪಾಯಿ, ಹೆಚ್ಚುಕಡಿಮೆ ಕಾರಿನ ಬೆಲೆಯಷ್ಟೇ. ಈ ಹಣವನ್ನು ಮೊದಲೇ ಎತ್ತಿಡದೆ ಅಗ್ಗದ ಕಾರಿಗೆ ಕೈ ಹಾಕಬಾರದೆಂದು ಕೇಳಿದವರಿಗೆಲ್ಲ ಹೇಳುತ್ತೇನೆ.

ಆಗಸ್ಟಿನಲ್ಲಿ ಅಮ್ಮನನ್ನು ಕರೆದುಕೊಂಡು ಮಣಿಪಾಲಕ್ಕೆ ಹೋದೆ. ಹಿಂತಿರುಗುವಾಗ ಸೋಮೇಶ್ವರದಲ್ಲಿ ಮಳೆ ಹಿಡಿದುಕೊಂಡಿತ್ತು. ಎರಡನೆಯ ಗೇರಿನಲ್ಲಿ, ಕಡಿದಾದಲ್ಲಿ ಮೊದಲನೆಯದರಲ್ಲಿ, ಒಂದೊಂದೇ ತಿರುವು ಎಣಿಸುತ್ತ ಹತ್ತಿದೆ. ಏಳನೆಯದು ಬಂದಾಗ ಮುಳ್ಳು ಅರ್ಧದಲ್ಲಿತ್ತು. ಹದಿನಾಲ್ಕನೆಯದು ಕಳೆದಾಗಲೂ ಅಲ್ಲೇ ಇತ್ತು. ಮೇಲೆ ಹತ್ತಿದ ಕೂಡಲೇ ರಸ್ತೆ ಬದಿಗೆ ನಿಲ್ಲಿಸಿ, ಎಂಜಿನ್ ಆರಿಸದೆ, ಕೊಡೆ ಹಿಡಿದು ಇಳಿದೆ.

"ಏನಾತೋ? ಬಿಸಿ ಆತಾ?" ಎಂದು ಅಮ್ಮ ಗಾಜು ಇಳಿಸಿದರು.

"ಇಲ್ಲಮ್ಮ, ಫ್ಯಾನ್ ನೋಡ್ತಿದೀನಿ."

ಬಾನೆಟ್ ಎತ್ತಿ ಕಾದೆ. ಸ್ವಲ್ಪ ಹೊತ್ತಿನಲ್ಲಿ ಫ್ಯಾನ್ ತಾನಾಗಿ ಓಡತೊಡಗಿತು. ಒಂದು ನಿಮಿಷ ಓಡಿ, ತಾನಾಗಿಯೇ ನಿಂತಿತು.