ಬಕ್‌ವೀಟ್ ಗೋಧಿ ಅಲ್ಲ, ಅಲ್ಲ, ಅಲ್ಲ

‘ಬಕ್‌ವೀಟ್ ಅಂದ್ರೆ ಗೋಧಿನೇ ತಾನೆ? ಮತ್ತೆ ಗೋಧಿ ಆಗದವರು ಅದನ್ನ ಹೇಗೆ ತಿಂತಾರೆ?’

ಗೋಧಿ ಇರೋದು ಹೆಸರಲ್ಲಿ, ಕಾಳಲ್ಲಿ ಅಲ್ಲ. ಗೋಧಿ ಹುಲ್ಲಿನ ಕುಲದ್ದು, ಬಕ್‌ವೀಟ್ (ಉತ್ತರದವರ ಕುಟ್ಟು) ರುಬಾರ್ಬ್ ಅನ್ನೋ ಹುಳಿ ದಂಟಿನ ಗಿಡದ ನೆಂಟ. ಬೀಚ್ ಮರದ ಬೀಜದ ಹಾಗೆ ಮೂರು ಮೂಲೆ ಇರುವುದರಿಂದ ‘ಬೀಚ್ ಗೋಧಿ’ ಅನ್ನೋ ಅರ್ಥದ ಆ ಹೆಸರು ಬಂತು. ಗೋಧಿ ಹಿಟ್ಟಿಗೆ ಅಂಟು ಕೊಡುವ ಪ್ರೋಟೀನ್ ಗ್ಲುಟೆನ್ ಅದರಲ್ಲಿ ಇಲ್ಲ. ‘ತಾನೆ’ ಅಂತ ಉತ್ತರವನ್ನೂ ತಾವೇ ಸೇರಿಸಿ ಕೇಳುವವರು ಪ್ಯಾಕೆಟ್ಟಿನ ಹಿಂಬದಿ ಓದುವುದೇ ಇಲ್ಲ. ಅಪಾಯ ಇರೋದು ಅಲ್ಲಿ. ಬಕ್‌ವೀಟ್‌ನಿಂದ ಮಾಡುವ ಜಪಾನಿನ ಸೋಬಾ ನೂಡಲ್ಸ್‌ನಲ್ಲಿ ಎಷ್ಟೋ ಸಲ ಗೋಧಿ ಹಿಟ್ಟು ಬೆರೆತಿರುತ್ತದೆ. ಗೋಧಿ ಬೀಸಿದ ಗಿರಣಿಯಲ್ಲೇ ಇದನ್ನೂ ಬೀಸಿದ್ದರೆ ಸೀಲಿಯಾಕ್ (ಗ್ಲುಟೆನ್ ತಿಂದರೆ ಕರುಳು ಹಾಳಾಗುವ ಕಾಯಿಲೆ) ಇರುವವರು ಮುಟ್ಟಬಾರದು. ಕೆಲವರಿಗೆ ಬಕ್‌ವೀಟೇ ಅಲರ್ಜಿ, ಅದೂ ತೀವ್ರವಾಗಿ.

‘ಪ್ರೋಟೀನ್ ಜಾಸ್ತಿ ಅಂತಲ್ಲ?’ ಹಸಿ ಕಾಳು 100 ಗ್ರಾಂಗೆ ಸುಮಾರು 13 ಗ್ರಾಂ ಪ್ರೋಟೀನ್, 10 ಗ್ರಾಂ ನಾರು, 230 ಮಿಲಿಗ್ರಾಂ ಮೆಗ್ನೀಸಿಯಂ. ತಟ್ಟೆಗೆ ಬರೋದು ಹಸಿ ಕಾಳಲ್ಲವಲ್ಲ! ನೀರು ಕುಡಿದು ಬೆಂದ ಮೇಲೆ 100 ಗ್ರಾಂನಲ್ಲಿ ಪ್ರೋಟೀನ್ ಮೂರೂವರೆ ಗ್ರಾಂ ಆಸುಪಾಸು. ಅದರ ನಿಜವಾದ ಹೆಚ್ಚುಗಾರಿಕೆ ಲೈಸಿನ್. ಗೋಧಿ, ಅಕ್ಕಿಗಳಲ್ಲಿ ಕಮ್ಮಿ ಬೀಳುವ ಈ ಅಮೈನೋ ಆಮ್ಲ ಇದರಲ್ಲಿ ಚೆನ್ನಾಗಿದೆ.

ಯಾರೂ ಕೇಳದ, ಕೇಳಬೇಕಾದ ಪ್ರಶ್ನೆ ಬೇರೆ: ಬೇಯಿಸಿದರೆ ಯಾಕೆ ಲೋಳೆ ಲೋಳೆಯಾಗಿ ಮುದ್ದೆಯಾಗುತ್ತದೆ? ಒಂದೇ ಸಲ ಮಾಡಿ, ಅಂಟಂಟು ಗಂಜಿ ತಿಂದು, ಡಬ್ಬಿ ಮುಚ್ಚಿ ಮೂಲೆಗಿಟ್ಟವರು ಎಷ್ಟು ಜನ!

ಹಸಿ ಕಾಳು ನೀರು ಸೋಕಿದ ಕೂಡಲೇ ಲೋಳೆ ಬಿಡುತ್ತದೆ. ಉದುರುದುರಾಗಿ ಬೇಕಾದರೆ ಅದನ್ನು ತಡೆಯಬೇಕು. ಒಂದು ಕಪ್ ಕಾಳನ್ನು ಬೇಗ ಬೇಗ ತೊಳೆದು, ನೀರು ಪೂರ್ತಿ ಬಸಿದು, ಒಣ ಬಾಣಲೆಯಲ್ಲಿ ಮಧ್ಯಮ ಉರಿಯಲ್ಲಿ ಹುರಿಯಿರಿ. ತಿಳಿ ಹಸಿರು ಹೋಗಿ ಕಂದು ಬಣ್ಣ ತಿರುಗಿ, ಸುಟ್ಟ ಕಡಲೆಬೀಜದಂಥ ಘಮ ಬರಬೇಕು. ಒಂದು ಚಮಚ ತುಪ್ಪವೋ ಎಣ್ಣೆಯೋ ಹಾಕಿ ಕಾಳಿಗೆಲ್ಲ ಹತ್ತಿಸಿ. ಆಮೇಲೆ ಕುದಿಯುವ ನೀರು, ಒಂದೂಮುಕ್ಕಾಲು ಕಪ್, ಉಪ್ಪು. ತಣ್ಣೀರು ಹಾಕಿದರೆ ಕುದಿ ಬರುವಷ್ಟರಲ್ಲೇ ಲೋಳೆ ಬಿಟ್ಟಿರುತ್ತದೆ. ಮುಚ್ಚಿ, ಸಣ್ಣ ಉರಿಯಲ್ಲಿ 12 ನಿಮಿಷ. ಸೌಟು ಆಡಿಸಬೇಡಿ, ಕಾಳು ಒಡೆದರೆ ಮತ್ತೆ ಮುದ್ದೆಯೇ. ಒಲೆ ಆರಿಸಿ, ಮುಚ್ಚಳ ತೆಗೆಯದೆ ಇನ್ನೂ 10 ನಿಮಿಷ ಬಿಡಿ. ಹುರಿದದ್ದೇ ಕೊಂಡಿದ್ದರೆ ಮತ್ತೆ ಹುರಿಯಬೇಡಿ, ಕಹಿಯಾಗುತ್ತದೆ.

ಹಾಗಂತ ಆ ಲೋಳೆಯನ್ನು ಬೈಯಬೇಡಿ, ಬ್ರೆಡ್ಡಿಗೆ ಅದೇ ಬೇಕು. ಗ್ಲುಟೆನ್ ಇಲ್ಲದ ಹಿಟ್ಟನ್ನು ಹಿಡಿದಿಡುವ ಅಂಟು ಅದು. ಅರ್ಧ ಕಿಲೋ ಹಸಿ ಕಾಳು (ಹುರಿದದ್ದು ಬೇಡ) ಆರು ಗಂಟೆ ನೆನೆಸಿ ಬಸಿಯಿರಿ, ಆದರೆ ತೊಳೆಯಬೇಡಿ. ಅಲ್ಲೇ ಎಲ್ಲರೂ ತಪ್ಪುವುದು. ಜರಡಿಯಲ್ಲಿ ಲೋಳೆ ಕಂಡು ಹೇಸಿ ನಲ್ಲಿ ತಿರುಗಿಸುತ್ತಾರೆ, ಬ್ರೆಡ್ ಪುಡಿಪುಡಿಯಾಗುತ್ತದೆ. ಒಂದೂವರೆ ಕಪ್ ನೀರು, ಒಂದೂವರೆ ಟೀ ಚಮಚ ಉಪ್ಪು ಹಾಕಿ ರುಬ್ಬಿ, ಗುಳ್ಳೆ ಎದ್ದು ಹುಳಿ ವಾಸನೆ ಬರುವವರೆಗೆ ಬಿಡಿ: ಸೆಕೆಗೆ 12 ಗಂಟೆ ಸಾಕು, ಚಳಿಗೆ 24 ಬೇಕು. ಅಚ್ಚಿಗೆ ಸುರಿದು 180 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು ಒಂದೂವರೆ ಗಂಟೆ. ಪೂರ್ತಿ ಆರಿದ ಮೇಲೇ ಕತ್ತರಿಸಿ. ಬಿಸಿಯಲ್ಲಿ ಒಳಗಿನದ್ದೆಲ್ಲ ಚಾಕುವಿಗೆ ಮೆತ್ತಿಕೊಂಡು ಬರುತ್ತದೆ, ಬ್ರೆಡ್ ಬೆಂದಿಲ್ಲ ಅಂತ ಮತ್ತೆ ನನ್ನನ್ನೇ ಕೇಳುತ್ತೀರಿ.