ವಸ್ತಿ ಮೊದಲು, ಹಾದಿ ಆಮೇಲೆ: ಬಾಗಲಕೋಟೆಯಿಂದ ಶ್ರೀಶೈಲಕ್ಕೆ ನಡೆಯುವವರಿಗಾಗಿ

ನಮ್ಮ ಓಣಿಯಿಂದ ಪ್ರತಿ ವರ್ಷ ಹದಿಮೂರು ಜನ ಯುಗಾದಿಗೆ ಮುಂಚೆ ಮಲ್ಲಯ್ಯನ ದರ್ಶನಕ್ಕೆ ನಡೆದು ಹೋಗುತ್ತೇವೆ, ಅವರಲ್ಲಿ ಒಂಬತ್ತು ಜನ ಹೆಣ್ಣುಮಕ್ಕಳು. ಎಲ್ಲಿ ಉಳಿಯಬೇಕು, ಯಾವ ದಿನ ಎಷ್ಟು ನಡೆಯಬೇಕು ಎಂಬುದನ್ನು ಬರೆದಿಡುವ ಕೆಲಸ ಕೆಲವು ವರ್ಷಗಳಿಂದ ನನ್ನ ಪಾಲಿಗೆ ಬಂದಿದೆ. ಮುಂದಿನ ಸಲ ಮೊದಲ ಬಾರಿಗೆ ಹೊರಡಬೇಕೆಂದಿರುವ ಹಲವರು ಕೇಳಿದ್ದರಿಂದ, ಆ ನೋಟ್‌ಬುಕ್ಕಿನಲ್ಲಿರುವುದನ್ನು ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಬಾಗಲಕೋಟೆಯಿಂದ ಶ್ರೀಶೈಲದ ಕಾಲ್ನಡಿಗೆ ಸುಮಾರು 400 ಕಿ.ಮೀ. ಆಗುತ್ತದೆ. ಹೊಸಬರು ಈ ಅಂಕಿಯನ್ನು ಕೇಳಿದ ಕೂಡಲೇ ದಿನಕ್ಕೆ ಮೂವತ್ತರಂತೆ ಭಾಗಿಸಿ, ಹೊರಡುವ ದಿನದಿಂದ ಮುಂದಕ್ಕೆ ಎಣಿಸಲು ತೊಡಗುತ್ತಾರೆ. ನಾನೂ ಮೊದಲ ವರ್ಷ ಹಾಗೆಯೇ ಎಣಿಸಿದ್ದೆ. ಆದರೆ ಮೂವತ್ತನೆಯ ಕಿ.ಮೀ. ಕಲ್ಲಿನ ಪಕ್ಕದಲ್ಲಿ ನೀರಾಗಲಿ ನೆರಳಾಗಲಿ ಇರಬೇಕೆಂಬ ನಿಯಮವೇನೂ ಇಲ್ಲ. ಆದ್ದರಿಂದ ಮೊದಲು, ದಾರಿಯ ಕೊನೆಗೆ ಬರುವ ನಲ್ಲಮಲ ಅಡವಿಯನ್ನು ಪ್ರವೇಶಿಸುವ ದಿನವನ್ನು ಗಟ್ಟಿ ಮಾಡಿಕೊಂಡು, ಅಲ್ಲಿಂದ ಒಂದೊಂದೇ ವಸ್ತಿಯನ್ನು ಹಿಂದಕ್ಕೆ ಎಣಿಸುತ್ತ ಮನೆಯ ಹೊಸ್ತಿಲವರೆಗೆ ಬರುವುದು ಸರಿಯಾದ ಕ್ರಮ ಎಂದು ನಾನು ನಂಬಿದ್ದೇನೆ.

ಮುಂದಿನ ಯುಗಾದಿ 2027ರ ಏಪ್ರಿಲ್ 7ಕ್ಕೆ ಬರುತ್ತದೆ. 2026ರಲ್ಲಿ ಅದು ಮಾರ್ಚ್ 19ಕ್ಕೇ ಬಂದಿತ್ತು. ನಡುವೆ ಅಧಿಕ ಜ್ಯೇಷ್ಠ ಸೇರಿದ್ದರಿಂದ ಹಬ್ಬ ಹತ್ತೊಂಬತ್ತು ದಿನ ಮುಂದೆ ಹೋಗಿದೆ. ಕ್ಯಾಲೆಂಡರಿನಲ್ಲಿ ಇದು ಸಣ್ಣ ವ್ಯತ್ಯಾಸದಂತೆ ಕಂಡರೂ, ರಾಯಚೂರಿನ ಬಿಸಿಲಲ್ಲಿ ನಡೆಯುವವರಿಗೆ ಮಾರ್ಚ್ ಮೊದಲ ವಾರಕ್ಕೂ ಕೊನೆಯ ವಾರಕ್ಕೂ ಇರುವ ಅಂತರ ಅಂಗಾಲಿಗೇ ತಿಳಿಯುತ್ತದೆ. ಹೀಗಾಗಿ ಈ ಸಲ ಮುಂಜಾನೆ ಹತ್ತು ಗಂಟೆಯೊಳಗೆ ದಿನದ ಮುಕ್ಕಾಲು ನಡಿಗೆ ಮುಗಿದಿರಬೇಕು, ಉಳಿದದ್ದು ಸಂಜೆ ನಾಲ್ಕರ ಮೇಲೆ. ಅಂದರೆ ರಾತ್ರಿಯ ವಸ್ತಿಯ ಜೊತೆಗೆ ಮಧ್ಯಾಹ್ನ ಆರು ತಾಸು ಮಲಗಿ ಏಳಲು ಇನ್ನೊಂದು ನೆರಳನ್ನೂ ಗೊತ್ತು ಮಾಡಿಕೊಳ್ಳಬೇಕಾಗುತ್ತದೆ.

ಹಬ್ಬ ಹತ್ತಿರವಾದಂತೆ ಶ್ರೀಶೈಲದಲ್ಲಿ ದಟ್ಟಣೆ ಏರಿ, ಸ್ಪರ್ಶ ದರ್ಶನ ನಿಂತು ಅಲಂಕಾರ ದರ್ಶನವಷ್ಟೇ ಉಳಿಯುವುದು ಸಾಮಾನ್ಯ. ಇಷ್ಟು ದೂರ ನಡೆದು ಹೋದ ನಮ್ಮ ಭಾಗದ ಜನಕ್ಕೆ ಲಿಂಗಕ್ಕೆ ಹಣೆ ಹಚ್ಚಿ ಬರುವುದೇ ಮುಖ್ಯ. ಅದಕ್ಕಾಗಿ ನಾವು ಏಪ್ರಿಲ್ 4ರ ಸಂಜೆಗೆ ಬೆಟ್ಟವನ್ನು ಮುಟ್ಟಬೇಕೆಂದು ಗೊತ್ತು ಮಾಡಿದ್ದೇವೆ. ಅಡವಿಗೆ ಎರಡು ದಿನ ಬೇಕಾದ್ದರಿಂದ 3ರ ಬೆಳಗ್ಗೆ ವೆಂಕಟಾಪುರದಲ್ಲಿರಬೇಕು, 2ರ ರಾತ್ರಿ ಆತ್ಮಕೂರಿನ ಆಸುಪಾಸಿನಲ್ಲಿ ಉಳಿಯಬೇಕು. ಅಲ್ಲಿಂದ ಹಿಂದಕ್ಕೆ ನಂದಿಕೊಟ್ಕೂರು, ಕರ್ನೂಲು, ಕೋಡುಮೂರು, ಎಮ್ಮಿಗನೂರು, ಮಂತ್ರಾಲಯ, ಗಿಲ್ಲೇಸೂಗೂರು, ರಾಯಚೂರು, ಸಿರವಾರ, ಕವಿತಾಳ, ಲಿಂಗಸುಗೂರು, ಮುದಗಲ್ಲು, ಇಳಕಲ್ಲು, ಹುನಗುಂದ, ಅಮೀನಗಡ, ಕಮತಗಿ. ಆತ್ಮಕೂರಿನವರೆಗೆ ಹದಿಮೂರು ದಿನದ ನಡಿಗೆ, ರಾಯಚೂರಿನಲ್ಲಿ ಒಂದು ಪೂರ್ತಿ ದಿನದ ವಿಶ್ರಾಂತಿ ಎಂದು ಲೆಕ್ಕ ಹಿಡಿದರೆ ಮಾರ್ಚ್ 20ಕ್ಕೆ ಮನೆ ಬಿಡಬೇಕು. ಹೋಳಿ ಹುಣ್ಣಿಮೆ 22ಕ್ಕೆ ಇರುವುದರಿಂದ ಬಾಗಲಕೋಟೆಯ ಬಣ್ಣದಾಟ ಈ ಸಲ ನಮಗಿಲ್ಲ. ಹಲಗಿಯ ಸಪ್ಪಳ ಕೇಳುತ್ತ ಬೆಳೆದವರಿಗೆ ಅದು ಸಣ್ಣ ಸಂಕಟವಲ್ಲ, ಗುಂಪಿನ ಇಬ್ಬರು ಹುಡುಗರು ಇನ್ನೂ ಒಪ್ಪಿಲ್ಲ.

ಹುಣ್ಣಿಮೆಯ ಆಸುಪಾಸಿನಲ್ಲಿ ಹೊರಡುವುದರಲ್ಲಿ ಹಿರಿಯರ ಜಾಣತನವೊಂದಿದೆ. ಮುಂದೆ ಕೃಷ್ಣಪಕ್ಷ ಬರುವುದರಿಂದ ಚಂದ್ರ ದಿನದಿನಕ್ಕೂ ತಡವಾಗಿ ಹುಟ್ಟುತ್ತಾನೆ, ನಸುಕಿನಲ್ಲಿ ಎದ್ದು ನಡೆಯುವವರಿಗೆ ಬಹಳ ದಿನ ಬೆಳದಿಂಗಳು ಸಿಗುತ್ತದೆ. ಅದು ಇಲ್ಲವಾಗುವ ಹೊತ್ತಿಗೆ ನಾವು ಅಡವಿಯಲ್ಲಿರುತ್ತೇವೆ, ಅಲ್ಲಿ ಹಗಲು ಮಾತ್ರ ನಡೆಯಬೇಕು.

ಮೊದಲ ಮೂರು ದಿನ ಯಾರಿಗೂ ಕಾಲು ನೋಯುವುದಿಲ್ಲ, ಹುಮ್ಮಸ್ಸಿನಲ್ಲಿ ನಲವತ್ತು ಕಿ.ಮೀ. ನಡೆದುಬಿಡೋಣ ಎನ್ನುವವರು ಇದ್ದೇ ಇರುತ್ತಾರೆ. ಅವರ ಮಾತನ್ನು ಕೇಳಬಾರದು. ಮೊದಲ ದಿನ ಕಮತಗಿಗೆ ನಿಲ್ಲಿಸಿದರೆ ಅಂಗಾಲು ಹದಗೊಳ್ಳುತ್ತದೆ. ಅದೇ ದಿನ ಹುನಗುಂದ ಮುಟ್ಟಿದವರ ಗುಳ್ಳೆ ಲಿಂಗಸುಗೂರಿನಲ್ಲಿ ಒಡೆಯುತ್ತದೆ. ಇಲ್ಲಿಯವರೆಗೆ ಬಂದಾಗ ಕೂಡಲಸಂಗಮಕ್ಕೂ ಹೋಗಿಬರೋಣ ಎಂಬ ಆಸೆ ಹುಟ್ಟುವುದು ಸಹಜ. ಆದರೆ ಅದು ದಾರಿಯಿಂದ ಪಕ್ಕಕ್ಕೆ ಸರಿದಿದೆ. ಅದಕ್ಕಾಗಿ ಒಂದು ದಿನವನ್ನು ಬೇರೆಯಾಗಿ ತೆಗೆದಿಟ್ಟಿದ್ದರೆ ಮಾತ್ರ ಹೋಗಬೇಕು.

ಇನ್ನು ವಸ್ತಿಯ ಮಾತು. ದಾರಿಯುದ್ದಕ್ಕೂ ಊರಿನವರು ಶಾಮಿಯಾನ ಹಾಕಿ ಮಜ್ಜಿಗೆ, ಕಲ್ಲಂಗಡಿ, ರೊಟ್ಟಿ ಕೊಡುತ್ತಾರೆ, ಕಾಲಿಗೆ ಎಣ್ಣೆ ತಿಕ್ಕುತ್ತಾರೆ, ಗುಳ್ಳೆಗೆ ಮುಲಾಮು ಹಚ್ಚುತ್ತಾರೆ. ಊಟಕ್ಕಾಗಿ ನಾನು ಒಮ್ಮೆಯೂ ಚಿಂತೆ ಮಾಡಿದ್ದಿಲ್ಲ. ದಾಸೋಹದ ನಾಡು ಇದು. ಆದರೆ ಊಟ ಸಿಕ್ಕಲ್ಲೆಲ್ಲ ಹೆಣ್ಣುಮಕ್ಕಳಿಗೆ ಬಚ್ಚಲು ಸಿಗುವುದಿಲ್ಲ. ಒಂದು ಊರಿನ ವಸ್ತಿಯನ್ನು ನೋಡುವಾಗ ನಾನು ಕೇಳುವ ಮೊದಲ ಪ್ರಶ್ನೆಯೇ ಬಾಗಿಲು ಹಾಕಿಕೊಳ್ಳಬಹುದಾದ ಶೌಚಾಲಯ ಎಷ್ಟಿವೆ, ರಾತ್ರಿ ಅದರ ಕೀಲಿ ಯಾರ ಕೈಯಲ್ಲಿರುತ್ತದೆ ಎಂಬುದು. ಮಠ, ಕಲ್ಯಾಣ ಮಂಟಪ, ಗುಡಿಯ ಪೌಳಿ, ಶಾಲೆ ಇವು ನಾಲ್ಕೇ ನಮಗಿರುವ ದಾರಿಗಳು. ಮಾರ್ಚ್ ತಿಂಗಳಲ್ಲಿ ಪಿಯು, ಎಸ್ಸೆಸ್ಸೆಲ್ಸಿ ಪರೀಕ್ಷೆಗಳು ನಡೆಯುವುದರಿಂದ ಪರೀಕ್ಷಾ ಕೇಂದ್ರವಾಗಿರುವ ಶಾಲೆಯನ್ನು ಕೇಳಲೇಬಾರದು, ಪ್ರಾಥಮಿಕ ಶಾಲೆಯನ್ನು ಕೇಳಿದರೂ ನಸುಕಿನಲ್ಲಿ ಗುಡಿಸಿ ಬಿಟ್ಟು ಹೊರಡಬೇಕು. ಕಲ್ಯಾಣ ಮಂಟಪಗಳಿಗೆ ಅದೇ ಮದುವೆಯ ಕಾಲ. ಒಂದು ವರ್ಷ ಸಿರವಾರ ದಾಟಿದ ಮೇಲಿನ ಒಂದು ಊರಿನಲ್ಲಿ, ಫೋನಿನಲ್ಲಿ ಒಪ್ಪಿಕೊಂಡಿದ್ದ ಮಂಟಪಕ್ಕೆ ನಾವು ಕತ್ತಲಾದ ಮೇಲೆ ತಲುಪಿದರೆ, ಒಳಗೆ ಮದುವೆಯ ಅಡುಗೆ ನಡೆದಿತ್ತು. ಪಕ್ಕದ ಹೊಲದವರೊಬ್ಬರು ತಮ್ಮ ಮನೆಯ ಅಂಗಳ ಗುಡಿಸಿ, ನಮ್ಮ ಹೆಂಗಸರನ್ನು ಒಳಗೆ ಮಲಗಿಸಿ, ತಾವು ಚಕ್ಕಡಿಯ ಕೆಳಗೆ ಮಲಗಿದರು. ಅಂದಿನಿಂದ ಫೆಬ್ರವರಿಯಲ್ಲಿ ಇಬ್ಬರು ಬಸ್ಸಿನಲ್ಲಿ ಹೋಗಿ ಪ್ರತಿ ವಸ್ತಿಯನ್ನೂ ಕಣ್ಣಾರೆ ನೋಡಿ ಬರುತ್ತೇವೆ, ಹೊರಡುವ ಹಿಂದಿನ ದಿನ ಮತ್ತೊಮ್ಮೆ ಫೋನ್ ಮಾಡುತ್ತೇವೆ. ಪ್ರತಿ ವಸ್ತಿಗೂ ನಾಲ್ಕೈದು ಕಿ.ಮೀ. ಹಿಂದೆ ಇನ್ನೊಂದು ಜಾಗವನ್ನು ನೋಡಿಟ್ಟಿರುತ್ತೇವೆ. ಮುಂದೆ ಇರುವ ಜಾಗ ಪ್ರಯೋಜನಕ್ಕೆ ಬಾರದು, ಕಾಲು ಕೈಕೊಟ್ಟವರು ಮುಂದೆ ನಡೆಯಲಾರರು.

ಹಾಸಿಗೆ, ಬಟ್ಟೆ, ಭ್ರಮರಾಂಬೆಗೆ ಒಯ್ಯುವ ಇಳಕಲ್ ಸೀರೆ, ಗುಳೇದಗುಡ್ಡದ ಖಣ, ಉಡಿಯ ಸಾಮಾನು ಎಲ್ಲವೂ ಒಂದು ಸಣ್ಣ ಗಾಡಿಯಲ್ಲಿ ಬರುತ್ತವೆ. ನಮ್ಮ ಜನ ಅಮ್ಮನನ್ನು ಮನೆಮಗಳೆಂದೂ ಮಲ್ಲಯ್ಯನನ್ನು ಅಳಿಯನೆಂದೂ ಭಾವಿಸುವುದರಿಂದ ಈ ಉಡಿ ಇಲ್ಲದೆ ನಡಿಗೆ ಪೂರ್ತಿಯಾಗುವುದಿಲ್ಲ. ಆದರೆ ಆ ಗಾಡಿ ಆತ್ಮಕೂರಿನವರೆಗೆ ಮಾತ್ರ ನಮ್ಮದು. ಅಲ್ಲಿಂದ ಅದು ದೋರ್ನಾಲ ಸುತ್ತಿ ಶ್ರೀಶೈಲಕ್ಕೆ ಬರುತ್ತದೆ. ಆ ಅಡವಿ ರಸ್ತೆಯಲ್ಲಿ ರಾತ್ರಿ ವಾಹನ ಬಿಡುವುದಿಲ್ಲವಾದ್ದರಿಂದ ಅದನ್ನು ಹಗಲಲ್ಲೇ ಕಳಿಸಬೇಕು.

ಅಡವಿಯ ವಸ್ತಿಯೇ ಬೇರೆ. ನಲ್ಲಮಲ ಹುಲಿ ಸಂರಕ್ಷಿತ ಅರಣ್ಯ, ಶಿವರಾತ್ರಿ ಮತ್ತು ಯುಗಾದಿಗೆ ಮಾತ್ರ ಪಾದಯಾತ್ರಿಗಳಿಗೆ ಈ ಹಾದಿ ತೆರೆಯುತ್ತದೆ. ಪ್ಲಾಸ್ಟಿಕ್ ಒಯ್ಯುವಂತಿಲ್ಲ, ಬೆಂಕಿ ಹಚ್ಚುವಂತಿಲ್ಲ. ವೆಂಕಟಾಪುರದಿಂದ ನಾಗಲೂಟಿಯ ವೀರಭದ್ರನ ಗುಡಿಯವರೆಗೆ ಬೆಳಗ್ಗೆ, ಅಲ್ಲಿಂದ ಪೆದ್ದ ಚೆರುವು ಎಂಬ ಕೆರೆಯವರೆಗೆ ಸಂಜೆ; ಆ ಕೆರೆಯ ದಂಡೆಯಲ್ಲಿ ನೂರಾರು ಗುಂಪುಗಳ ನಡುವೆ ಮಲಗುವುದು. ಒಂಟಿಯಾಗಿ ದೂರ ಹೋಗಿ ಮಲಗಬಾರದು. ಹೊದೆಯಲು ಒಂದು ಚಾದರ, ಎರಡು ಹೊತ್ತಿನ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಸ್ಟೀಲಿನ ಬಾಟಲಿಯಲ್ಲಿ ನೀರು, ಟಾರ್ಚು ಇಷ್ಟೇ ಬೆನ್ನ ಮೇಲೆ. ಮರುದಿನ ಭೀಮನ ಕೊಳ್ಳಕ್ಕೆ ಕಡಿದಾಗಿ ಇಳಿದು, ಅಷ್ಟೇ ಕಡಿದಾಗಿ ಕೈಲಾಸ ದ್ವಾರಕ್ಕೆ ಏರಬೇಕು. ಶ್ರೀಶೈಲಕ್ಕೆ ಮೆಟ್ಟಿಲು ಕಟ್ಟಿಸಿದ ಕೀರ್ತಿ 14ನೆಯ ಶತಮಾನದ ರೆಡ್ಡಿ ಅರಸ ಪ್ರೋಲಯ ವೇಮನದು. ಹದಿನಾಲ್ಕು ದಿನ ನಡೆದು ಬಂದ ಮೊಣಕಾಲಿಗೆ ಮೆಟ್ಟಿಲಿನ ಇಳಿತವೇ ಏರಿಗಿಂತ ಕಷ್ಟ. ಬಿದಿರಿನ ಕೋಲನ್ನು ಎಲ್ಲರೂ ಇಟ್ಟುಕೊಳ್ಳಬೇಕು. ಇದೇ ಇಳಿತದಲ್ಲಿ ಮಲ್ಲಯ್ಯನ ಕಂಬಿಯನ್ನು (ಹರಕೆಯ ಕಾವಡಿಯನ್ನು) ಹೆಗಲ ಮೇಲೆ ಹೊತ್ತವರು ಬರುತ್ತಾರೆ, ಅವರಿಗೆ ಪಕ್ಕಕ್ಕೆ ಸರಿದು ದಾರಿ ಬಿಡಬೇಕು.

ಶ್ರೀಶೈಲದಲ್ಲಿ ದೇವಸ್ಥಾನದ ವಸತಿಗಳೂ ಹಲವು ಸಮಾಜಗಳ ಛತ್ರಗಳೂ ಇವೆ. ಆ ದಿನಗಳಲ್ಲಿ ಕೋಣೆ ಸಿಗುವುದೆಂದು ನಂಬಿಕೊಂಡು ಹೋಗದೆ, ಗುಂಪಿನ ವಯಸ್ಸಾದ ಮೂವರಿಗಷ್ಟೇ ಮುಂಚಿತವಾಗಿ ಒಂದು ಕೋಣೆ ಹಿಡಿದು, ಉಳಿದವರು ಬಯಲಿನ ಚಪ್ಪರದಲ್ಲಿ ಮಲಗುತ್ತೇವೆ. ಮರಳಿ ಬರಲು ಸಾರಿಗೆ ಸಂಸ್ಥೆಗಳ ವಿಶೇಷ ಬಸ್ಸುಗಳಿರುತ್ತವೆ.

ಈಗ ಉಳಿದಿರುವುದು ಮುದಗಲ್ಲಿನ ವಸ್ತಿಯೊಂದೇ. ಹುಣ್ಣಿಮೆಯ ರಾತ್ರಿ ಅಲ್ಲಿರುತ್ತೇವೆ, ನೀರಿನ ತೊಟ್ಟಿಯಿರುವ ಜಾಗವೊಂದನ್ನು ಬಲ್ಲವರು ತಿಳಿಸಿದರೆ ಫೆಬ್ರವರಿಯಲ್ಲಿ ಹೋಗಿ ನೋಡಿ ಬರುತ್ತೇವೆ.