ಟೆರೇಸ್ ಮೇಲೆ ಸಿಓಟು ಬೇಡ ಅಂತ ಯಾಕೆ ಹೇಳ್ತೀನಿ

"ಎಲ್ಲಾ ಸಿಓಟು ವೆಲ್ಡಿಂಗಲ್ಲೇ ಮಾಡಿಕೊಡಿ, ಫಿನಿಶಿಂಗ್ ಚೆನ್ನಾಗಿರುತ್ತಂತೆ" ಅನ್ನುವ ಗಿರಾಕಿಗಳು ಈಗ ಜಾಸ್ತಿ. ಸಿಓಟು ಅಂದರೆ ಕಾರ್ಬನ್ ಡೈಆಕ್ಸೈಡ್ ಗ್ಯಾಸ್ ಬಿಡುತ್ತಾ, ಮೆಷಿನ್ನಿಂದ ಬರುವ ತೆಳು ವೈರಿನಲ್ಲಿ ಮಾಡುವ ವೆಲ್ಡಿಂಗ್. ಗೇಟು, ಗ್ರಿಲ್ಲು, ಶೀಟ್ ಶೆಡ್ಡು ನಮ್ಮ ಕೆಲಸ. ಯಾವ ವೆಲ್ಡಿಂಗ್ ಅಂತ ತೀರ್ಮಾನಿಸುವ ಮುಂಚೆ ನಾನು ನೋಡುವುದು ಎರಡು: ಮಾಲು ಎಷ್ಟು ದಪ್ಪ, ಜಾಯಿಂಟ್ ಹೊಡೆಯೋದು ಎಲ್ಲಿ.

ಟೆರೇಸ್ ಶೆಡ್ಡನ್ನೇ ತಗೊಳ್ಳಿ. ಅದರ ಟ್ರಸ್ಸನ್ನು (ಶೀಟ್ ಹೊರುವ ಚೌಕಟ್ಟು) ಶಾಪಿನೊಳಗೆ ಸಿಓಟುನಲ್ಲೇ ಮಾಡುತ್ತೇವೆ. 16 ಗೇಜ್ ಪೈಪ್ ಅಂದರೆ ಸುಮಾರು 1.6 ಮಿ.ಮೀ. ದಪ್ಪ. ಆರ್ಕ್ ವೆಲ್ಡಿಂಗಿನ ರಾಡ್ ಹಿಡಿದು ಸ್ವಲ್ಪ ನಿಧಾನ ಮಾಡಿದರೂ ತೂತು ಬೀಳುತ್ತೆ. ಸಿಓಟುನ 0.8 ಮಿ.ಮೀ. ವೈರಿನಲ್ಲಿ ಆ ತಲೆನೋವು ಕಮ್ಮಿ, ಸ್ಲ್ಯಾಗ್ (ಜಾಯಿಂಟ್ ಮೇಲೆ ಗಟ್ಟಿಯಾಗುವ ಸಿಪ್ಪೆ) ಕುಟ್ಟುವ ಕೆಲಸವೂ ಇಲ್ಲ.

ಅದೇ ಮೆಷಿನನ್ನು ಮೇಲಕ್ಕೆ ಹತ್ತಿಸಿದರೆ ಕಥೆ ಬೇರೆ. ಕರಗಿದ ಲೋಹಕ್ಕೆ ಗಾಳಿ ತಾಗದಂತೆ ಕಾಯುವುದು ಆ ಗ್ಯಾಸೇ. ಟೆರೇಸ್ ಗಾಳಿ ಅದನ್ನು ಹಾರಿಸಿಕೊಂಡು ಹೋಗುತ್ತೆ. ಎಷ್ಟೋ ಸಲ ಮೇಲಿಂದ ಬೀಡ್ (ವೆಲ್ಡಿಂಗ್ ಗೆರೆ) ಚೆನ್ನಾಗೇ ಕಾಣುತ್ತೆ. ಗ್ರೈಂಡರ್ ಹಿಡಿದು ನೋಡಿ, ಒಳಗೆ ಸೆಟ್ ದೋಸೆ ಥರ ತೂತು. ಬಿರುಗಾಳಿಗೆ ಶೀಟ್ ಎದ್ದಾಗ ಪೂರ್ತಿ ಎಳೆತ ಬೀಳುವುದು ಕಂಬದ ಬುಡದ ಪ್ಲೇಟಿನ ಮೇಲೆ. ಅಲ್ಲಿ ಇಂಥ ಜಾಯಿಂಟ್ ಇದ್ದರೆ ಹೇಗೆ, ಅಲ್ವಾ?

ಹಾಗಾಗಿ ಸೈಟಿನಲ್ಲಿ ಹಳೇ ಆರ್ಕ್ ವೆಲ್ಡಿಂಗೇ. ರಾಡಿನ ಮೇಲಿನ ಫ್ಲಕ್ಸ್ ಲೇಪ ಉರಿದು ತನ್ನ ಗ್ಯಾಸನ್ನು ತಾನೇ ಕೊಡುತ್ತೆ, ಮೇಲೆ ಸ್ಲ್ಯಾಗ್ ಹೊದಿಕೆಯೂ ಕೂರುತ್ತೆ. ಗಾಳಿಯನ್ನು ಸಿಓಟುಗಿಂತ ಚೆನ್ನಾಗಿ ತಡೆಯುತ್ತೆ. ದಪ್ಪ ಪ್ಲೇಟಿಗೆ 3.15 ಮಿ.ಮೀ. ದಪ್ಪದ 6013 ನಂಬರಿನ ರಾಡ್, ಪೈಪಿಗೆ 2.5 ಮಿ.ಮೀ. ಎರಡನೇ ರನ್ (ಪದರ) ಹಾಕುವ ಮುಂಚೆ ಸ್ಲ್ಯಾಗ್ ಪೂರ್ತಿ ಕುಟ್ಟಿ, ಬ್ರಷ್ ಹೊಡೆಯಿರಿ. ಸುಮ್ನೆ ಅದರ ಮೇಲೇ ಹೊಡೆದರೆ ಸ್ಲ್ಯಾಗ್ ಒಳಗೇ ಉಳಿಯುತ್ತೆ.

ಜಿಐ ಪೈಪ್ ಇದ್ದರೆ ಜಾಯಿಂಟ್ ಜಾಗದ ಸತುವಿನ ಲೇಪ ಮೊದಲು ಉಜ್ಜಿ ತೆಗೆಯಿರಿ. ಸತು ಉರಿದು ಬರುವ ಬಿಳಿ ಹೊಗೆ ಕುಡಿದರೆ ರಾತ್ರಿ ಚಳಿಜ್ವರ ಬರುತ್ತೆ. ಹಾಲು ಕುಡಿದರೆ ಏನೂ ಆಗಲ್ಲ ಅನ್ನುವವರಿದ್ದಾರೆ, ನಂಬಬೇಡಿ.

ಎಸ್‌ಎಸ್ (ಸ್ಟೇನ್‌ಲೆಸ್ ಸ್ಟೀಲ್) ರೇಲಿಂಗಿಗೆ ಮಾತ್ರ ಆರ್ಗಾನ್ ಗ್ಯಾಸಿನ ವೆಲ್ಡಿಂಗ್. 304 ಗ್ರೇಡಿನ ಪೈಪಿಗೆ 308ಎಲ್ ಫಿಲ್ಲರ್ (ಜಾಯಿಂಟಿಗೆ ಕರಗಿಸುವ ತಂತಿ), ಎಸ್‌ಎಸ್‌ಗೆ ಎಂಎಸ್ (ಸಾದಾ ಕಬ್ಬಿಣ) ಸೇರಿಸುವಲ್ಲಿ 309ಎಲ್. ನಿಧಾನದ ಕೆಲಸ, ರೇಟೂ ಜಾಸ್ತಿ. ಎಂಎಸ್ ಉಜ್ಜಿದ ಗ್ರೈಂಡಿಂಗ್ ವೀಲನ್ನು ಎಸ್‌ಎಸ್‌ಗೆ ತಾಗಿಸಲೇಬೇಡಿ. ಕಬ್ಬಿಣದ ಕಣ ಅಂಟಿಕೊಂಡು ಮಳೆಗಾಲದಲ್ಲಿ ತುಕ್ಕಿನ ಚುಕ್ಕೆ ಏಳುತ್ತೆ. ಆಮೇಲೆ "ಡೂಪ್ಲಿಕೇಟ್ ಎಸ್‌ಎಸ್ ಹಾಕಿದೀರಾ" ಅಂತ ಫೋನ್ ಬರುತ್ತೆ. ಮಾಲು ಒರಿಜಿನಲ್ಲೇ ಅಂತ ಬಿಲ್ ತೋರಿಸಿದರೂ ಅವರು ನಂಬಲ್ಲ.